ವಾಕ್ಯದ ಕೊನೆಯಕ್ಷರ

ಮಾರ್ಚ್ ೧೧, ಮಂಗಳವಾರ

ನನ್ನ ಪಟಾಕಿಗೆ,

ಅಪ್ಪನ ಆಶೀರ್ವಾದಗಳು. ಒಂಬತ್ತು ದಿನ ತಡವಾಯಿತು, ಕ್ಷಮಿಸು. ಸಾವಿರ ಜನರೆದುರು ಎದೆಯುಬ್ಬಿಸಿ ಗರ್ಜಿಸಿದ ಮಹಾನಟ ಒಂದು ಹಾಳೆಯೆದುರು ಬೆವರುತ್ತಿದ್ದಾನೆ! ನಾಲ್ಕು ಸಲ ಬರೆದೆ, ನಾಲ್ಕು ಸಲ ಹರಿದೆ. "ಕಾಗದದ ಮೇಲೂ ಅಭಿನಯಾನಾ? ನೆಟ್ಟಗೆ ಬರೀರಿ" ಎಂದು ನಿಮ್ಮಮ್ಮ ಬೈದಳು.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯಲಾರೆ. ನಿಮ್ಮಮ್ಮ ಹೆಣೆಯುತ್ತಿದ್ದ ಪುಟ್ಟ ಸ್ವೆಟರಿಗೆ ಒಂದೇ ತೋಳು ಬಂದಿದೆ. ಬಿಚ್ಚುವುದೂ ಇಲ್ಲ, ಮುಂದುವರಿಸುವುದೂ ಇಲ್ಲ. ಕಡ್ಡಿಗಳ ಸಮೇತ ಕಿಟಕಿಯಲ್ಲಿಟ್ಟಿದ್ದಾಳೆ.

ಆ ದಿನದ ಮಾತಿಗೆ ಬರುತ್ತೇನೆ. ಸ್ಕ್ಯಾನಿಂಗ್ ಕೋಣೆಯ ಹೊರಗೆ ಡಾಕ್ಟರಮ್ಮ ಅಳಿಯಂದಿರಿಗೆ ಹೇಳಿದ್ದು: "ಮಗುವಿನ ಹೃದಯದ ಎಡಭಾಗ ಬೆಳೆದಿಲ್ಲ." ನಾನು ತಿಳಿದದ್ದು: "ಬೆಳೆದಿದೆ." ಅಳಿಯಂದಿರ ಮುಖವನ್ನಾದರೂ ನೋಡಬಾರದಿತ್ತೇ! ಎರಡೂ ಕೈ ಮೇಲೆತ್ತಿ, ಇಡೀ ಆಸ್ಪತ್ರೆ ನಡುಗುವಂತೆ ಕೂಗಿದೆ: "ಬೆಳೆದಿದೆಯಂತೆ! ನನ್ನ ಮೊಮ್ಮಗುವಿನ ಹೃದಯ ಬೆಳೆದಿದೆಯಂತೆ!" ಬೆಂಚಿನ ಮೇಲಿದ್ದವರು ಚಪ್ಪಾಳೆ ತಟ್ಟಿದರು. ಬಾಗಿಲ ಆಚೆ, ಹೊಟ್ಟೆಯ ಮೇಲಿನ ಜೆಲ್ ಒರೆಸಿಕೊಳ್ಳುತ್ತಿದ್ದ ನೀನು ನಕ್ಕೆಯಂತೆ. ಡಾಕ್ಟರಮ್ಮ ಒಳಗೆ ಬಂದು ನಿಜ ಹೇಳುವವರೆಗೂ ನಗುತ್ತಲೇ ಇದ್ದೆಯಂತೆ.

"ನಿಮ್ಮ ನಾಟಕ ಇಲ್ಲೂ ಬೇಕಿತ್ತಾ ಅಪ್ಪಾ?" ಅಂದೆ. ಆಮೇಲೆ ನೀನು ನನ್ನೊಡನೆ ಮಾತಾಡಿಲ್ಲ. ಗದ್ದಲದಲ್ಲಿ ಸರಿಯಾಗಿ ಕೇಳಿಸಲಿಲ್ಲ ಕಣೇ ಎಂದು ತೊದಲಿದೆ ನಾನು. "ವಾಕ್ಯದ ಕೊನೆಯಕ್ಷರ ನುಂಗಬೇಡ್ರೋ! ಇದೆಯೋ ಇಲ್ವೋ ಅನ್ನೋದು ಇರೋದೇ ಅಲ್ಲಿ!" ಎಂದು ಮೂವತ್ತು ವರ್ಷ ತಾಲೀಮಿನಲ್ಲಿ ಹೊಸ ನಟರನ್ನು ಗದರಿದವನು ನಾನೇ.

ಹುಟ್ಟಿದ ವಾರದಲ್ಲೇ ಆಪರೇಷನ್, ಆಮೇಲೆ ಮತ್ತೆರಡು, ಆದರೂ ಉಳಿಯುವ ಖಾತ್ರಿಯಿಲ್ಲ ಎಂದು ಅಳಿಯಂದಿರು ಬಿಡಿಸಿ ಹೇಳಿದರು. ಮುಂದುವರಿಸುವುದೋ, ಇಲ್ಲಿಗೇ ನಿಲ್ಲಿಸುವುದೋ ನಿಮ್ಮಿಬ್ಬರ ತೀರ್ಮಾನ. ನಾನು ಬಾಯಿ ಹಾಕುವುದಿಲ್ಲ. ಯಾವುದಾದರೂ ಸರಿ, ನಿನ್ನ ಪಕ್ಕ ನಿಂತಿರುತ್ತೇನೆ, ಮಾತೇ ಇಲ್ಲದ ಪಾತ್ರದ ಹಾಗೆ. ಶುಕ್ರವಾರ ಮತ್ತೆ ಸ್ಕ್ಯಾನಿಂಗ್ ಇದೆಯಲ್ಲ, ಬರಲೇ?

ನಿನಗೆ ಒಂದಿಷ್ಟು ನಿದ್ದೆ ಬರಲಿ, ಊಟ ಸೇರಲಿ, ಎದೆ ಗಟ್ಟಿಯಾಗಿರಲಿ ಮಗಳೇ.

ಇಂತಿ,
ನಿನ್ನ ದೊಡ್ಡಬಾಯಿ ಅಪ್ಪ

ತಾ.ಕ.: ಅಲ್ಲಿ ಗದ್ದಲವೇನೂ ಇರಲಿಲ್ಲ. ಕಿವಿ ಮಂದವಾಗಿ ನಾಲ್ಕು ವರ್ಷವಾಯಿತು. ನಿಮ್ಮಮ್ಮನ ಬಾಯಿಗೂ ಬೀಗ ಹಾಕಿಸಿದ್ದೆ. ತುಟಿ ನೋಡಿ ಮಾತು ಹಿಡಿಯುತ್ತೇನೆ. ಡಾಕ್ಟರಮ್ಮ ಮಾಸ್ಕ್ ಹಾಕಿದ್ದರು. "ಹೃದಯ" ಸಿಕ್ಕಿತು, "ಬೆಳೆದಿ" ಸಿಕ್ಕಿತು. ಕೊನೆಯಕ್ಷರ ನಾನೇ ಸೇರಿಸಿಕೊಂಡೆ.

ಇನ್ನೊಂದು. ಮೂರನೇ ತಿಂಗಳಲ್ಲಿ ನೀನು ಮಗುವಿನ ಎದೆಬಡಿತವನ್ನು ಫೋನಿನಲ್ಲಿ ತುಂಬಿಸಿಕೊಂಡು ಬಂದು ನನ್ನ ಕಿವಿಗಿಟ್ಟೆ. "ಕೇಳಿಸ್ತಾ ಅಪ್ಪಾ?" "ಓಹೋ! ಕುದುರೆ ಓಡಿದ ಹಾಗಿದೆ!" ಅಂದೆ. ಆ ಕುದುರೆಯನ್ನು ನಾನು ಕೇಳಿಯೇ ಇಲ್ಲ ಕಣೇ. ಶುಕ್ರವಾರ ಕರೆದರೆ, ಯಂತ್ರ ಸದ್ದು ಮಾಡುವಾಗ ನನ್ನ ಅಂಗೈ ಮೇಲೆ ಬೆರಳಿಂದ ತಟ್ಟು. ಅದು ಹೇಗೆ ಬಡಿಯುತ್ತದೋ ಹಾಗೇ.