ನಾಲ್ಕು ಮಡಿಕೆಯ ಹೊಲಿಗೆ

ಅಂಗಡಿಯ ಹಿಂದಿನ ಕೋಣೆಯಿಂದ,
ಮಾರ್ಚ್ 9, ಭಾನುವಾರ

ಪ್ರೀತಿಯ ತಮ್ಮನಿಗೆ,

ಹೇಗಿದ್ದೀಯಪ್ಪ? ಬೆನ್ನುನೋವು ಕಡಿಮೆಯಾಯಿತೇ? ದಿನವಿಡೀ ಬಗ್ಗಿ ಕೂರುವವನಿಗೆ ಎತ್ತರದ ಸ್ಟೂಲು ಬೇಕು ಎಂದು ಹೋದ ಸಲ ಫೋನಿನಲ್ಲಿ ಹೇಳಿದ್ದೆ. ನೀನು ‘ಹೂಂ ಅಣ್ಣ’ ಅಂದೆ. ನಿನ್ನ ಹೂಂ ನನಗೆ ಗೊತ್ತಿಲ್ಲವೇ, ಸ್ಟೂಲು ಇನ್ನೂ ಬಂದಿಲ್ಲ ಎಂದೇ ಅದರ ಅರ್ಥ. ನಿನ್ನ ಮನೆಯವಳು ಕ್ಷೇಮವಾಗಿದ್ದಾಳೆ ತಾನೇ? ಪುಟ್ಟಿ ಈಗ ನಿನ್ನ ಭುಜದ ಎತ್ತರಕ್ಕೆ ಬಂದಿರಬೇಕು. ಅದು ಅವಳ ಅಮ್ಮನ ಕಡೆಯ ಉದ್ದ, ನಮ್ಮ ಕಡೆ ಅಷ್ಟು ಬೆಳೆದವರು ಯಾರೂ ಇಲ್ಲ. ಇಲ್ಲಿ ನಾವಿಬ್ಬರೂ ಒಂದು ಮಟ್ಟಿಗೆ ಚೆನ್ನಾಗಿದ್ದೇವೆ. ನಿನ್ನ ಅತ್ತಿಗೆಯ ಕೆಮ್ಮು ಹೋಯಿತು, ಗೊಣಗಾಟ ಉಳಿದಿದೆ. ನನ್ನ ಕಣ್ಣು ಮಾತ್ರ ಕೈಕೊಡುತ್ತಿದೆ. ಸೂಜಿಗೆ ದಾರ ಪೋಣಿಸಲು ಅವಳನ್ನೇ ಕರೆಯಬೇಕು. ಬರುತ್ತಾಳೆ, ಒಂದೇ ಸಲಕ್ಕೆ ಪೋಣಿಸುತ್ತಾಳೆ, ಕಣ್ಣಲ್ಲೇ ಏನೋ ಅಂದು ಹೋಗುತ್ತಾಳೆ.

ನಿನ್ನ ಕಾಗದ ತಲುಪಿತು. ಅದರ ಹಿಂದೆಯೇ ಹೊಲಿಗೆ ಯಂತ್ರ ಮೆಕ್ಯಾನಿಕ್‌ಗಳ ಸಂಘದ ಕಾರ್ಯದರ್ಶಿಗಳದೂ ಬಂತು. ನಿನಗೆ ಸನ್ಮಾನ ಎಂದು ಓದಿ ನಾನು ಆ ಕಾಗದವನ್ನು ಎದುರಿನ ಇಸ್ತ್ರಿ ಅಂಗಡಿಯವನಿಗೆ, ಮೂಲೆಯ ಔಷಧಿ ಅಂಗಡಿಯವನಿಗೆ, ಕೊನೆಗೆ ಬೀಗದ ಕೈ ಮಾಡಿಸಲು ಬಂದು ದಾರಿ ತಪ್ಪಿ ನಮ್ಮಲ್ಲಿಗೆ ನುಗ್ಗಿದ್ದ ಯಾರೋ ಒಬ್ಬರಿಗೂ ತೋರಿಸಿದೆ. ಆಹ್ವಾನ ಪತ್ರಿಕೆಯ ಕರಡನ್ನೂ ಕಳಿಸಿದ್ದಾರೆ. ವೇದಿಕೆಯಲ್ಲಿ ನನಗೊಂದು ಕುರ್ಚಿ, ನನ್ನ ಹೆಸರಿನ ಕೆಳಗೆ ‘ಗುರುಗಳು’ ಎಂದು ದಪ್ಪ ಅಕ್ಷರದಲ್ಲಿ ಹಾಕಿದ್ದಾರೆ. ಅದು ನೀನೇ ಹಾಕಿಸಿದ್ದು ಎಂದು ನಿನ್ನ ಕಾಗದದಿಂದ ಗೊತ್ತಾಯಿತು. ಇದರ ಜೊತೆಗೆ ಸ್ಮರಣ ಸಂಚಿಕೆಗೆ ನಾನು ಒಂದು ಪುಟ ಬರೆದುಕೊಡಬೇಕಂತೆ, ಹದಿನೈದನೇ ತಾರೀಕಿನೊಳಗೆ. ನಿಮ್ಮ ತಮ್ಮನವರು ಈ ಕೆಲಸದಲ್ಲಿ ಇಷ್ಟು ಎತ್ತರಕ್ಕೆ ಬರಲು ಕಾರಣವೇನು ಎಂಬುದು ಅವರು ಕೊಟ್ಟ ವಿಷಯ. ಒಂದೂರಿನಲ್ಲಿ ಒಂದೇ ಅಂಗಡಿಯಲ್ಲಿ ಒಬ್ಬನೇ ಅಪ್ಪನ ಹತ್ತಿರ ಕಲಿತ ಇಬ್ಬರಲ್ಲಿ ಒಬ್ಬನನ್ನು ಕಾರ್ಖಾನೆಗಳವರು ಕಾರು ಕಳಿಸಿ ಕರೆಸಿಕೊಳ್ಳುತ್ತಾರೆ, ಇನ್ನೊಬ್ಬ ಇಲ್ಲೇ ಕೂತು ಎಣ್ಣೆ ಬಿಡುತ್ತಿದ್ದಾನೆ. ಕಾರ್ಯದರ್ಶಿಗಳು ಕೇಳಿದ್ದು ಮೊದಲನೆಯವನ ವಿಷಯ. ನಾನು ಮೂರು ವಾರದಿಂದ ಇಬ್ಬರ ವಿಷಯವನ್ನೂ ಯೋಚಿಸುತ್ತಿದ್ದೇನೆ.

ಮೊದಲ ಸಲ ಬರೆಯಲು ಕೂತಾಗ ‘ನನ್ನ ತಮ್ಮನಿಗೆ ಈ ವಿದ್ಯೆ ಹುಟ್ಟಿನಿಂದಲೇ ಒಲಿದಿತ್ತು’ ಎಂದು ಶುರುಮಾಡಿದೆ. ಓದಿ ನೋಡಿದರೆ ನನಗೇ ನಗು ಬಂತು. ಹುಟ್ಟಿನಿಂದ ಒಲಿದದ್ದು ನನಗಲ್ಲವೇ. ಒಂಬತ್ತು ವರ್ಷಕ್ಕೇ ಅಪ್ಪ ನನ್ನನ್ನು ನೆಂಟರ ಮುಂದೆ ಕೂರಿಸಿ, ಕಣ್ಣಿಗೆ ಬಟ್ಟೆ ಕಟ್ಟಿ, ಕೆಳದಾರದ ಬಾಬಿನ್ ಕೇಸನ್ನು ಬಿಚ್ಚಿ ಜೋಡಿಸಲು ಹೇಳುತ್ತಿದ್ದರು. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ನಿನ್ನ ಸರದಿ ಬಂದ ದಿನ ನೀನು ಸ್ಪ್ರಿಂಗನ್ನು ಹಾರಿಸಿ ಚಿಕ್ಕಪ್ಪನ ಚಹಾದ ಲೋಟಕ್ಕೆ ಬೀಳಿಸಿದೆ. ‘ಇನ್ನೊಂದ್ಸಲ ಮಾಡ್ತೀನಿ’ ಅಂದೆ. ಮನೆಯವರೆಲ್ಲ ಬಿದ್ದು ಬಿದ್ದು ನಕ್ಕರು, ಅವತ್ತಿನಿಂದ ನಿನ್ನ ಹೆಸರೇ ಇನ್ನೊಂದ್ಸಲ ಆಯಿತು. ಆಮೇಲೆ ಅಂಗಡಿಗೆ ಬಂದ ಗಿರಾಕಿಗಳೂ ಅದನ್ನೇ ಹಿಡಿದುಕೊಂಡರು. ಸಮವಸ್ತ್ರ ಹೊಲಿಯುತ್ತಿದ್ದ ಟೈಲರಮ್ಮ ನೆನಪಿದ್ದಾರಲ್ಲ, ಅವರಂತೂ ಬಾಗಿಲಲ್ಲೇ ನಿಂತು, ‘ಅಣ್ಣನ ಕೈಗೇ ಕೊಡಿ ಕಣ್ರೀ, ಇನ್ನೊಂದ್ಸಲನ ಕೈಗೆ ಬೇಡ, ಮಕ್ಳು ಶಾಲೆ ಮುಗ್ಸಿಬಿಡ್ತಾರೆ’ ಅನ್ನುತ್ತಿದ್ದರು. ನಾನು ನಕ್ಕು ಮೆಷಿನ್ ಇಳಿಸಿಕೊಳ್ಳುತ್ತಿದ್ದೆ. ನೀನೂ ನಗುತ್ತಿದ್ದೆ. ನಿನಗೆ ಅದು ಚುಚ್ಚುತ್ತಿತ್ತೋ ಏನೋ, ನಾನು ಒಂದು ದಿನವೂ ಕೇಳಲಿಲ್ಲ.

ಆ ಹಾಳೆ ಹರಿದುಹಾಕಿ ‘ಕಷ್ಟಪಟ್ಟ, ಮೇಲೆ ಬಂದ’ ಎಂದು ಬರೆದೆ. ಅದೂ ಪೂರ್ತಿ ನಿಜವಲ್ಲ. ಕಷ್ಟ ನಾನೂ ಪಟ್ಟಿದ್ದೇನೆ. ದಿನಕ್ಕೆ ನಾಲ್ಕು ಮೆಷಿನ್ ಬಿಚ್ಚಿ ಕಟ್ಟಿದವನು ನಾನು, ಊಟ ನಿಂತೇ ಮಾಡಿದ್ದೇನೆ. ಮೂರನೆಯ ಸಲ ಅದೃಷ್ಟ ಎಂದು ಬರೆದೆ. ನಿನಗೆ ಆ ಸಿದ್ಧ ಉಡುಪಿನ ಕಾರ್ಖಾನೆಯ ಮೇಲ್ವಿಚಾರಕರು ಸಿಕ್ಕಿದ್ದೇ ಎಲ್ಲಕ್ಕೂ ದಾರಿಯಾಯಿತು ಎಂದು. ಆದರೆ ಅವರು ಮೊದಲು ಬಂದದ್ದು ಎಲ್ಲಿಗೆ ಗೊತ್ತೇ? ನಿನಗೆ ಇದುವರೆಗೆ ಹೇಳಿಲ್ಲ. ನೀನು ಇಲ್ಲಿಂದ ಹೋದ ಮೂರನೇ ತಿಂಗಳಿಗೆ ಅವರು ನಮ್ಮ ಅಂಗಡಿಗೇ ಎರಡು ಮೆಷಿನ್ ಹೊತ್ತು ತಂದಿದ್ದರು. ನಾನು ಎರಡನ್ನೂ ಒಂದು ಗಂಟೆಯಲ್ಲಿ ಮುಗಿಸಿಕೊಟ್ಟೆ. ‘ಭೇಷ್, ಕೈ ಅಂದ್ರೆ ಇದು’ ಅಂದರು, ಚಹಾ ಕುಡಿದರು, ಬೆನ್ನು ತಟ್ಟಿ ಹೋದರು. ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಅದೃಷ್ಟ ನನ್ನ ಬಾಗಿಲಿಗೂ ಬಂದು ಚಹಾ ಕುಡಿದೇ ಹೋಗಿತ್ತು ಎಂದಾಯಿತು. ಆ ಹಾಳೆಯನ್ನೂ ಹರಿದೆ.

ಈಗ ಕಳೆದ ತಿಂಗಳ ವಿಷಯಕ್ಕೆ ಬರುತ್ತೇನೆ. ಇದನ್ನು ಹೇಳಲೆಂದೇ ಎರಡು ಸಲ ಫೋನು ಮಾಡಲು ಹೊರಟು, ನಂಬರು ಒತ್ತಿ, ನೀನು ಎತ್ತುವ ಮೊದಲೇ ಇಟ್ಟುಬಿಟ್ಟೆ. ಟೈಲರಮ್ಮ ತೀರಿಹೋಗಿ ಎರಡು ವರ್ಷವಾಯಿತು. ಅವರ ಸೊಸೆ ಆ ಹಳೇ ಮೆಷಿನನ್ನು ತಂದಳು. ಅತ್ತೆಯ ಸಾಮಾನು, ಡ್ರಾಯರನ್ನು ಖಾಲಿ ಮಾಡುವ ಗೋಜಿಗೂ ಹೋಗಿರಲಿಲ್ಲ. ಗುಂಡಿ, ಮುರಿದ ಸೂಜಿ, ಚಾಕ್ ಚೂರುಗಳ ಅಡಿಯಲ್ಲಿ ಒಂದು ಪರೀಕ್ಷೆ ತುಂಡು ಸಿಕ್ಕಿತು. ಅಪ್ಪನ ಪದ್ಧತಿ ಅದು, ನೀನು ಈಗಲೂ ನಿನ್ನ ವರ್ಕ್‌ಶಾಪಿನಲ್ಲಿ ನಡೆಸುತ್ತಿದ್ದೀಯಂತೆ. ರಿಪೇರಿ ಮುಗಿದ ಮೇಲೆ ಗೇಣುದ್ದದ ಬಿಳಿ ಬಟ್ಟೆಯ ಮೇಲೆ ಒಂದು ಸಾಲು ಹೊಲಿದು, ಪೆನ್ಸಿಲಿನಲ್ಲಿ ತಾರೀಕು ಬರೆದು, ಮೆಷಿನಿನ ಡ್ರಾಯರಿನಲ್ಲೇ ಇಟ್ಟು ಕಳಿಸುವುದು. ಆ ತುಂಡಿನ ಮೇಲೆ ನನ್ನ ಸಾಲು ಇತ್ತು, ನನ್ನ ಅಕ್ಷರದಲ್ಲಿ ತಾರೀಕಿತ್ತು. ಆದರೆ ತುಂಡಿನ ಇನ್ನೊಂದು ಕೊನೆಯನ್ನು ಯಾರೋ ನಾಲ್ಕು ಮಡಿಕೆ ಮಾಡಿ, ಬೆಲ್ಟಿನಷ್ಟು ದಪ್ಪವಾದ ಆ ಮಡಿಕೆಯ ಮೇಲೆ ಮತ್ತೊಂದು ಸಾಲು ಹೊಲಿದಿದ್ದರು. ಅದರ ಪಕ್ಕದಲ್ಲಿ ಮಾರನೆಯ ದಿನದ ತಾರೀಕು. ಅಕ್ಷರ ನಿನ್ನದು.

ನಿನ್ನ ಅತ್ತಿಗೆ ಅದನ್ನು ಕೈಗೆ ತೆಗೆದುಕೊಂಡು ತಿರುಗಿಸಿ, ‘ಹಿಂದ್ಗಡೆ ನೋಡಿ’ ಅಂದಳು. ನನ್ನ ಸಾಲು ಮೇಲಿನಿಂದ ಗೆರೆ ಎಳೆದಂತೆ ನೇರ. ಹಿಂದೆ ದಾರ ಸಡಿಲವಾಗಿ ಕುಣಿಕೆ ಕುಣಿಕೆಯಾಗಿತ್ತು. ಅವಳು ಉಗುರಿನಿಂದ ಮೀಟಿ ಎಳೆದಳು, ಸಾಲು ಪೂರಾ ಕಿತ್ತು ಅವಳ ಬೆರಳಿಗೆ ಬಂತು. ನಿನ್ನದನ್ನೂ ಎಳೆದಳು. ಅದು ಅಲುಗಲಿಲ್ಲ. ಆಮೇಲೆ ನಾನು ಹುಚ್ಚು ಹಿಡಿದವನಂತೆ ಹಳೇ ಗಿರಾಕಿಗಳ ಮನೆಗಳಿಗೆಲ್ಲ ಹೋಗಿ, ಡ್ರಾಯರ್ ನೋಡಿ ಎಂದು ಗೋಗರೆದೆ. ಏನೋ ಬೆಲೆಬಾಳುವ ವಸ್ತು ಬಚ್ಚಿಟ್ಟಿದ್ದೆನೇನೋ ಎಂದು ಅವರಿಗೆ ಅನುಮಾನ. ಹನ್ನೊಂದು ತುಂಡು ಸಿಕ್ಕವು. ಎಲ್ಲವೂ ನಾವಿಬ್ಬರೂ ಒಟ್ಟಿಗಿದ್ದ ಕಾಲದವು. ಒಂಬತ್ತರಲ್ಲಿ ನನ್ನ ಸಾಲಿನ ಆಚೆ ನಿನ್ನ ನಾಲ್ಕು ಮಡಿಕೆ ಇದೆ. ನಾನು ತೆಳು ಬಟ್ಟೆಯ ಮೇಲೆ ಓಡಿಸಿ ಆಯಿತು ಅನ್ನುತ್ತಿದ್ದೆ. ಟೈಲರುಗಳ ಮೆಷಿನ್ ಕೈಕೊಡುವುದು ತೆಳು ಬಟ್ಟೆಯಲ್ಲಲ್ಲ, ಕಾಲರಿನಲ್ಲಿ, ಜೇಬಿನ ಮೂಲೆಯಲ್ಲಿ, ದಪ್ಪ ಬಂದ ಕಡೆ ಎಂದು ನೀನು ಯೋಚಿಸಿದ್ದೆ. ಬೆಳಿಗ್ಗೆ ಬೇಗ ಅಂಗಡಿ ತೆಗೆಯುತ್ತಿದ್ದವನು ನೀನು. ನಾನು ಹತ್ತಕ್ಕೆ ಬರುತ್ತಿದ್ದೆ. ಅಷ್ಟರಲ್ಲಿ ನಾನು ಹಿಂದಿನ ಸಂಜೆ ಮುಗಿಸಿದ್ದೆಂದು ಇಟ್ಟದ್ದನ್ನು ನೀನು ಬಿಚ್ಚಿ ಸರಿಮಾಡಿ ಇಡುತ್ತಿದ್ದೆ. ಅಣ್ಣನ ಕೈಯಿಂದ ಹೋದ ಮೆಷಿನ್ ವಾಪಸು ಬರುವುದಿಲ್ಲ ಎಂದು ಊರೆಲ್ಲ ಹೇಳುತ್ತಿದ್ದ ಮಾತು ನಿನ್ನ ದುಡಿಮೆ, ತಮ್ಮ. ನಾನದನ್ನು ನನ್ನದೆಂದು ಉಟ್ಟುಕೊಂಡು ತಿರುಗಿದೆ.

ನೀನು ಹೋದ ಮೇಲೆ ಮೆಷಿನುಗಳು ವಾಪಸು ಬರತೊಡಗಿದವು. ದಾರ ಕಳಪೆ ಅಂದೆ. ಬಿಡಿಭಾಗ ಮೊದಲಿನಂತಿಲ್ಲ ಅಂದೆ. ಈಗಿನ ಟೈಲರುಗಳಿಗೆ ತುಳಿಯಲು ಬರುವುದಿಲ್ಲ ಅಂದೆ. ಇಪ್ಪತ್ತೆರಡು ವರ್ಷ ಇದನ್ನೇ ಹೇಳಿದ್ದೇನೆ, ಕೇಳುವವರು ಒಬ್ಬೊಬ್ಬರಾಗಿ ಬೇರೆ ಅಂಗಡಿ ಹುಡುಕಿಕೊಂಡರು. ನಿನ್ನನ್ನು ಕಳಿಸಿದ ದಿನ ನಾನಾಡಿದ ಮಾತು ನೆನಪಿದೆ. ಅಪ್ಪ ತೀರಿಕೊಂಡು ಆರು ತಿಂಗಳೂ ಆಗಿರಲಿಲ್ಲ. ‘ಒಂದೇ ಮೆಷಿನ್ ಮುಂದೆ ದಿನಗಟ್ಟಲೆ ಕೂತ್ರೆ ಅಂಗಡಿ ನಡ್ಯೋದು ಹೇಗೆ? ನಿಂಗೆ ಈ ಕೆಲ್ಸ ಒಗ್ಗಲ್ಲ, ಬೇರೆ ಏನಾದ್ರೂ ನೋಡ್ಕೋ’ ಅಂದೆ. ನೀನು ಕೈ ಒರೆಸಿಕೊಂಡು ‘ಆಯ್ತು ಅಣ್ಣ’ ಅಂದೆ. ಅಷ್ಟೇ. ಮಾರನೆಯ ದಿನ ಬಸ್ಸು ಹತ್ತಿಸಲು ಕೂಡ ನಾನು ಬರಲಿಲ್ಲ, ಅರ್ಜೆಂಟು ಕೆಲಸವಿದೆ ಎಂದು ಅಂಗಡಿಯಲ್ಲೇ ಕೂತಿದ್ದೆ. ಅರ್ಜೆಂಟು ಏನೂ ಇರಲಿಲ್ಲ. ಈ ವಯಸ್ಸಿನಲ್ಲಿ ಅದನ್ನು ನೆನೆದು ನನಗೆ ನಾಚಿಕೆಯಾಗುತ್ತದೆ.

ಕಾರ್ಯದರ್ಶಿಗಳ ಪ್ರಶ್ನೆಗೆ ನನಗೆ ತೋಚಿದ ಉತ್ತರ ಇಷ್ಟು. ಕೆಲಸ ಮಾಡುವಾಗ ನಾನು ನೋಡುತ್ತಿದ್ದದ್ದು ಗಿರಾಕಿಯ ಮುಖವನ್ನು, ನೀನು ನೋಡುತ್ತಿದ್ದದ್ದು ಸೂಜಿಯನ್ನು. ನನಗೆ ಚಪ್ಪಾಳೆ ಬಹಳ ಬೇಗ ಸಿಕ್ಕಿತು, ಸಿಕ್ಕಿದ ಮೇಲೆ ಕಲಿಯುವುದಕ್ಕೆ ಏನೂ ಉಳಿದಿಲ್ಲ ಅನ್ನಿಸಿತು. ನಿನಗೆ ಯಾರೂ ತಟ್ಟಲಿಲ್ಲ, ಹಾಗಾಗಿ ಸರಿಯಾಯಿತೋ ಇಲ್ಲವೋ ಎಂದು ನೀನು ಕೆಲಸವನ್ನೇ ಕೇಳಿ ಕೇಳಿ ತಿಳಿದುಕೊಂಡೆ. ಇದಕ್ಕೆ ದೊಡ್ಡ ದೊಡ್ಡ ಪದ ಹುಡುಕುವವರು ಹುಡುಕಿಕೊಳ್ಳಲಿ. ಇನ್ನೂ ಒಂದಿದೆ, ಅದು ನನ್ನಿಂದ ಯಾವ ಜನ್ಮಕ್ಕೂ ಆಗದ್ದು. ಇನ್ನೊಬ್ಬನ ಹೆಸರಿಗೆ ಹೋಗುವ ಕೆಲಸವನ್ನೂ ನೀನು ನಿನ್ನದರಷ್ಟೇ ಚೆನ್ನಾಗಿ ಮಾಡಿದೆ, ಮಾಡಿ ಬಾಯಿ ಬಿಡಲಿಲ್ಲ. ಅಪ್ಪನಿಗೂ ಹೇಳಲಿಲ್ಲ. ಇದನ್ನೆಲ್ಲ ಸ್ಮರಣ ಸಂಚಿಕೆಗೆ ಬರೆಯುವ ಧೈರ್ಯ ನನಗಿಲ್ಲ, ಅದಕ್ಕೇ ನಿನಗೆ ಬರೆಯುತ್ತಿದ್ದೇನೆ. ಕಳೆದ ತಿಂಗಳವರೆಗೆ ನನಗೆ ಇದು ಯಾವುದೂ ತಿಳಿದಿರಲಿಲ್ಲ. ತಿಳಿದ ಮೇಲೆ ಆ ಕುರ್ಚಿಯಲ್ಲಿ ಹೇಗೆ ಕೂರಲಿ? ಗುರುಗಳು ಎಂಬ ಪದವನ್ನು ತೆಗೆಸಿಬಿಡು, ಕುರ್ಚಿಯನ್ನೂ ತೆಗೆಸು. ನಾನು ಬರುವುದಿಲ್ಲ. ಇಲ್ಲೇ ಕೂತು ಅವತ್ತು ಸಂತೋಷಪಡುತ್ತೇನೆ, ಅದರಲ್ಲಿ ಕಪಟವಿಲ್ಲ, ನಂಬು.

ನಿನ್ನ ಮನೆಯವಳಿಗೂ ಪುಟ್ಟಿಗೂ ನಮ್ಮಿಬ್ಬರ ಆಶೀರ್ವಾದ. ನಿನ್ನ ಕೈ, ನಿನ್ನ ಕಣ್ಣು ಕೊನೆಯವರೆಗೂ ಚೆನ್ನಾಗಿರಲಿ. ಸ್ಟೂಲು ತರಿಸು.

ಇತಿ,
ನಿನ್ನ ಅಣ್ಣ

ಮರೆತ ಮಾತು: ನಿನ್ನ ಅತ್ತಿಗೆ ಕಾಗದ ಓದಿದಳು. ಓದಿ ಮಡಿಸುತ್ತಾ, ‘ನಿಜವಾಗ್ಲೂ ನಿಮಗೆ ಆವಾಗ ಗೊತ್ತಿರ್ಲಿಲ್ವಾ?’ ಎಂದು ಕೇಳಿದಳು. ಇಲ್ಲ ಅಂದೆ. ಅಂಟು ತರಲು ಒಳಗೆ ಹೋಗಿದ್ದಾಳೆ, ಬರುವುದರೊಳಗೆ ಬರೆಯುತ್ತೇನೆ. ಮರೆತ ಮಾತು ಎಂದದ್ದೂ ಸುಳ್ಳು, ಮರೆತಿರಲಿಲ್ಲ. ಗೊತ್ತಿತ್ತು. ಅಪ್ಪ ಇನ್ನೂ ಇದ್ದಾಗ, ಒಂದು ಮಳೆಯ ಬೆಳಿಗ್ಗೆ ಅಂಗಡಿಯಲ್ಲಿ ಬಿಟ್ಟಿದ್ದ ಛತ್ರಿಗಾಗಿ ಏಳಕ್ಕೇ ಬಂದೆ. ಷಟರ್ ಅರ್ಧಕ್ಕೆ ಎತ್ತಿತ್ತು. ಬಗ್ಗಿ ನೋಡಿದರೆ ನಾನು ಹಿಂದಿನ ಸಂಜೆ ಮುಗಿಸಿಟ್ಟಿದ್ದ ಮೆಷಿನನ್ನು ನೀನು ಮಗ್ಗುಲಿಗೆ ಒರಗಿಸಿಕೊಂಡು ಬಿಚ್ಚಿ ಕೂತಿದ್ದೆ. ಹೊಲಿದು ನೋಡಿದೆ, ಮತ್ತೆ ಬಿಚ್ಚಿದೆ, ಮತ್ತೆ ಹೊಲಿದೆ. ಎಲ್ಲ ಮುಗಿಸಿ, ನಾನು ಹೊದಿಸಿದ್ದ ಬಟ್ಟೆಯನ್ನು ನಾನು ಹೊದಿಸಿದ್ದ ಹಾಗೆಯೇ ಓರೆಯಾಗಿ ಹೊದಿಸಿದೆ. ನಾನು ಛತ್ರಿ ತೆಗೆದುಕೊಳ್ಳದೆ ಮಳೆಯಲ್ಲಿ ನೆನೆದುಕೊಂಡೇ ಮನೆಗೆ ಹೋಗಿ ಹತ್ತಕ್ಕೆ ಬಂದೆ. ಅವತ್ತೂ ಹೊಗಳಿಸಿಕೊಂಡೆ. ನಿನ್ನನ್ನು ಕಳಿಸಿದ್ದು ನೀನು ನಿಧಾನ ಎಂದಲ್ಲ. ನನಗಿಂತ ನೀನು ಬಲ್ಲವನು ಎಂದು ನನಗೆ ಗೊತ್ತಾಗಿತ್ತು, ದಿನಾ ನಿನ್ನ ಮುಖ ನೋಡಲು ಆಗುತ್ತಿರಲಿಲ್ಲ, ಅದಕ್ಕೆ. ಆ ಬೆಳಿಗ್ಗೆ ನೀನು ಒಮ್ಮೆ ತಲೆಯೆತ್ತಿ ಬಾಗಿಲ ಕಡೆ ನೋಡಿದೆ. ಷಟರಿನ ಕೆಳಗೆ ನನ್ನ ಕಾಲು ನಿನಗೆ ಕಂಡಿತ್ತೇ? ಅದೊಂದನ್ನು ಬರೆ. ಕಂಡಿರಲಿಲ್ಲವಾದರೆ ಈಗ ತಿಳಿಯಿತು, ನಿನಗೆ ಹೇಗೆ ತೋಚುತ್ತದೋ ಹಾಗೆ ಮಾಡು. ಕಂಡಿತ್ತು ಎಂದಾದರೆ, ಇಷ್ಟು ವರ್ಷ ನೀನು ನನ್ನನ್ನು ಅಣ್ಣ ಎಂದು ಕರೆದದ್ದೆಲ್ಲ ಗೊತ್ತಿದ್ದೇ ಕರೆದದ್ದು.