ಸೂಪರ್ ಮಾರ್ಕೆಟ್ಟಿನ ಕೋಳಿಯೂ ನಮ್ಮ ಮಾವನವರ ಕೈಯೂ

ಆಹಾರ ಸುರಕ್ಷತಾ ಇಲಾಖೆಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನಮ್ಮ ಬಡಾವಣೆಯ ಸೂಪರ್ ಮಾರ್ಕೆಟ್ಟಿನಲ್ಲಿ ಮಾಂಸ ಇಡುವ ತಂಪುಪೆಟ್ಟಿಗೆ ತಂಪಾಗಿರುವುದಿಲ್ಲ. ಅಲ್ಲಿಂದ ತಂದ ಕೋಳಿ ತಿಂದು ನಾನು ಆಸ್ಪತ್ರೆ ಸೇರಿದೆ. ತಮಗೆ ದೂರು ಕೊಟ್ಟೆ. ತಾವು ಪರಿಶೀಲನೆ ನಡೆಸಿ, ಎಲ್ಲವೂ ತೃಪ್ತಿಕರವಾಗಿದೆ ಎಂದು ಉತ್ತರ ಬರೆದಿರಿ. ಆ ಉತ್ತರ ಬಂದ ಮೇಲೆ ನಮ್ಮ ಮಾವನವರು ಅಡುಗೆಮನೆಯ ಕಡೆ ತಲೆ ಹಾಕಿಯೂ ಮಲಗುತ್ತಿಲ್ಲ. ನನ್ನ ಅಹವಾಲು ಇಷ್ಟೇ. ಇದನ್ನು ಕೋಪದಿಂದ ಬರೆಯಬೇಕೆಂದು ಕೂತಿದ್ದೆ. ಆದರೆ ಕೋಪಕ್ಕೂ ಮೈಯಲ್ಲಿ ಒಂದಿಷ್ಟು ಕಸುವು ಬೇಕು. ಅದು ಸದ್ಯಕ್ಕೆ ನನ್ನಲ್ಲಿಲ್ಲವಾದ್ದರಿಂದ ದಣಿವಿನಿಂದಲೇ ಬರೆಯುತ್ತಿದ್ದೇನೆ, ಮನ್ನಿಸಬೇಕು.

ನಾನು ಕಾರು ಓಡಿಸುವುದನ್ನು ಕಲಿಸುವವಳು. ನನ್ನ ಕರುಳಿನಲ್ಲಿ ಒಂದು ತುಂಡು ಈಗ ಇಲ್ಲ. ಹುಣ್ಣಾಗಿತ್ತು, ಕತ್ತರಿಸಿ ತೆಗೆದರು. ಉಳಿದ ಕರುಳು ಹೊಸದಾಗಿ ಮದುವೆಯಾಗಿ ಬಂದ ಹೆಣ್ಣಿನ ಹಾಗೆ, ಯಾವ ಮಾತಿಗೆ ಮುನಿಸಿಕೊಳ್ಳುತ್ತದೆಂದು ಹೇಳಲಾಗದು. ಬೇಳೆ ತಿಂದರೆ ಹೊಟ್ಟೆಯೊಳಗೆ ಡೋಲು ಬಡಿಯುತ್ತದೆ. ಹಾಲು ಕುಡಿದರೆ ಮನೆಯಿಂದ ಹೊರಗೆ ಕಾಲಿಡುವಂತಿಲ್ಲ. ಎಲೆಕೋಸು, ಗೋಧಿ, ಹಸಿ ಈರುಳ್ಳಿ, ಇವೆಲ್ಲ ನನಗೆ ದೂರದ ನೆಂಟರು. "ಅನ್ನ, ಬೇಯಿಸಿದ ಕ್ಯಾರೆಟ್ಟು, ಕೊಬ್ಬಿಲ್ಲದ ಕೋಳಿ. ಕೋಳಿ ಮಾತ್ರ ತಾಜಾ ಇರಬೇಕು. ಸ್ವಲ್ಪ ಸ್ವಲ್ಪವೇ ತಿನ್ನಿ, ನಿಧಾನಕ್ಕೆ ತಿನ್ನಿ" ಎಂದರು ಡಾಕ್ಟರು. ಉಳಿದವರಿಗೆ ಮಾಂಸ ರುಚಿಯ ವಿಷಯವಿರಬಹುದು, ನನಗೆ ಅದು ಔಷಧ. ಔಷಧದ ಅಂಗಡಿಯಲ್ಲಿ ಕೊಳೆತ ಮಾತ್ರೆ ಮಾರಿದರೆ ಬಾಗಿಲಿಗೆ ಬೀಗ ಜಡಿಯುತ್ತೀರಿ. ಮಾಂಸದಂಗಡಿಗೆ ಯಾಕೆ ತೃಪ್ತಿಪತ್ರ ಕೊಡುತ್ತೀರಿ ಎಂಬುದು ನನ್ನ ಸಣ್ಣ ತಲೆಗೆ ಹೊಳೆಯುತ್ತಿಲ್ಲ.

ನಮ್ಮ ಮಾವನವರ ವಿಷಯಕ್ಕೆ ಬರುತ್ತೇನೆ. ಅವರು ದರ್ಜಿ. ಕಣ್ಣು ಮಂಜಾದ ಮೇಲೆ ಅಂಗಡಿ ಮುಚ್ಚಿದರು. ಅತ್ತೆ ತೀರಿಕೊಂಡ ಮೇಲೆ ಮಾತನ್ನೂ ಕಡಿಮೆ ಮಾಡಿದರು. ಕಿಟಕಿಯ ಪಕ್ಕ ಕೂತು, ಹೋಗಿಬರುವವರ ಅಂಗಿಯ ಹೊಲಿಗೆ ನೋಡಿ "ಕಾಲರು ಕೆಟ್ಟಿದೆ" ಎಂದು ತಮ್ಮಷ್ಟಕ್ಕೇ ಗೊಣಗುವುದೊಂದೇ ಅವರಿಗೆ ಉಳಿದಿದ್ದ ಉದ್ಯೋಗ. ನಾನು ಆಪರೇಷನ್ ಮುಗಿಸಿ ಮನೆಗೆ ಬಂದಾಗ, ಯಾರು ಅಡುಗೆ ಮಾಡುವುದು ಎಂಬ ಚರ್ಚೆ ನಡೆಯುತ್ತಿತ್ತು. ನನ್ನ ಗಂಡನಿಗೆ ನೀರು ಕಾಯಿಸುವುದೂ ಒಂದು ಸಾಹಸ. ಮಾವನವರು ಎದ್ದು ಬಂದು, "ನಾನು ಮಾಡ್ತೀನಿ ಬಿಡ್ರೋ. ಅಳತೆ ಹೇಳಿದ್ರೆ ಸಾಕು, ಯಾರಿಗೆ ಬೇಕಾದ್ರೂ ಹೊಲೀತೀನಿ" ಅಂದರು.

ಹೇಳಿದಂತೆಯೇ ಮಾಡಿದರು. ಕೋಳಿಯ ಎದೆಯ ಭಾಗವನ್ನು ಹಲಗೆಯ ಮೇಲೆ ಹಾಸಿ, ಬೆರಳಿನಿಂದ ಎಳೆ ಯಾವ ಕಡೆಗಿದೆ ಎಂದು ಸವರಿ ನೋಡಿ, ಅಡ್ಡಕ್ಕೆ ತೆಳ್ಳಗೆ ಕತ್ತರಿಸುವರು. ಹಾಗೆ ಕತ್ತರಿಸಿದರೆ ಮೃದುವಾಗಿ ಬೇಯುತ್ತದಂತೆ. ಬೇಯಿಸಿದ ನೀರನ್ನು ಸೋಸಿ ಉಪ್ಪು ಹಾಕಿ ಬಟ್ಟಲಲ್ಲಿ ಕೊಡುವರು. ನಾನು ಕುಡಿದು ಮುಗಿಸುವ ತನಕ ಎದುರಿಗೇ ಕೂತಿದ್ದು, "ಹೇಗಿದೆಯಮ್ಮ, ಹಿಡಿಸ್ತಾ? ಎಲ್ಲಾದ್ರೂ ಬಿಗಿ ಅನ್ನಿಸ್ತಾ?" ಎಂದು ಕೇಳುವರು, ಅಂಗಿ ತೊಡಿಸಿ ನೋಡುವವರ ಹಾಗೆ. ನನ್ನ ಕೆನ್ನೆ ತುಂಬಿಕೊಂಡಿತು. ಅವರ ಬಾಯಿಗೆ ಮಾತೂ ಮರಳಿತು. ಸಂಜೆ ಹೊತ್ತು ಪಕ್ಕದ ಮನೆಯ ಅಜ್ಜಿಗೆ ಕೋಳಿ ಬೇಯಿಸುವ ಬಗೆ ಕುರಿತು ಉಪನ್ಯಾಸ ಕೊಡುವ ಮಟ್ಟಕ್ಕೆ ಬಂದಿದ್ದರು.

ಆಗೆಲ್ಲ ಮಾಂಸ ಬರುತ್ತಿದ್ದುದು ಮೂಲೆಯ ಕಸಾಯಿ ಅಂಗಡಿಯಿಂದ. ಸೂಪರ್ ಮಾರ್ಕೆಟ್ಟು ಬಂದ ಮೇಲೆ ಅದರ ಪೈಪೋಟಿ ತಡೆಯಲಾಗದೆ ಆ ಅಂಗಡಿ ಮುಚ್ಚಿತು. ಈಗ ಅಲ್ಲಿ ಮೊಬೈಲಿನ ಕವಚ ಮಾರುತ್ತಾರೆ. ಮೊಬೈಲಿಗೆ ತೊಡಿಸುವುದಕ್ಕೆ ನೂರು ಬಗೆ ಸಿಗುತ್ತದೆ, ಹೊಟ್ಟೆಗೆ ಹಾಕುವುದಕ್ಕೆ ಒಂದೇ ಅಂಗಡಿ. ಇದನ್ನೇ ತಮ್ಮವರು ಅಭಿವೃದ್ಧಿ ಎನ್ನುತ್ತಿರಬೇಕು. ಇರಲಿ. ಮಾವನವರು ಚೀಲ ಹಿಡಿದು ಸೂಪರ್ ಮಾರ್ಕೆಟ್ಟಿಗೆ ಹೋಗತೊಡಗಿದರು. ಅಲ್ಲಿ ಮಾಂಸದ ಮೇಲೆ ಗುಲಾಬಿ ಬಣ್ಣದ ದೀಪ ಹಾಕಿರುತ್ತಾರೆ, ತಾವು ನೋಡಿರುತ್ತೀರಿ. ಆ ದೀಪದ ಕೆಳಗೆ ನಿಂತರೆ ನಾನೂ ಆರೋಗ್ಯವಂತಳಂತೆ ಕಾಣುತ್ತೇನೆ.

ಕೆಲವು ವಾರಗಳಲ್ಲಿ ನನ್ನ ಹೊಟ್ಟೆ ಮುನಿಯಿತು. ಕರುಳು ಹಿಂಡಿದಂಥ ನೋವು, ಭೇದಿ. ಹವಾಮಾನವೇನೋ ಅಂದುಕೊಂಡೆವು. ಮತ್ತೆ ಬಂತು. ಈ ಸಲ ನಾದಿನಿ ಫೋನು ಮಾಡಿದಳು. ಅವಳ ಗಂಟಲು ಸ್ಪೀಕರ್ ಇಲ್ಲದೆಯೂ ಮೂರು ಕೋಣೆಗೆ ಕೇಳಿಸುವಂಥದ್ದು.

"ಅಪ್ಪನಿಗೆ ಆ ಜ್ವರ ಬಂದು ಹೋದ್ಮೇಲೆ ಮೂಗೇ ಇಲ್ಲ ಅಂತ ನಿಮಗೆ ಗೊತ್ತಿಲ್ವಾ? ವಾಸನೆಯೇ ಬರದವರ ಕೈಲಿ ಮಾಂಸದ ಅಡುಗೆ ಮಾಡಿಸ್ತಾರಾ ಯಾರಾದ್ರೂ? ಕಣ್ಣೂ ಮಂಜು. ಅತ್ತಿಗೆಯನ್ನ ಏನು ಮಾಡಬೇಕು ಅಂತಿದ್ದೀರಿ?"

ಅವಳದೇನೂ ತಪ್ಪಿಲ್ಲ, ನನ್ನ ಮೇಲಿನ ಕಾಳಜಿಯಿಂದಲೇ ಹೇಳಿದ್ದು. ಆದರೆ ಮಾವನವರು ಬಾಗಿಲಲ್ಲಿ ನಿಂತಿದ್ದರು. ನನ್ನ ಗಂಡ ಗಂಟಲು ಸರಿಮಾಡಿಕೊಂಡು, "ಅಪ್ಪಾ, ಸ್ವಲ್ಪ ದಿನ ನೀವು ರೆಸ್ಟ್ ತಗೊಳ್ಳಿ" ಎಂದ. ನಾನು "ಹಾಗಲ್ಲ ಮಾವ" ಎನ್ನುವಷ್ಟರಲ್ಲಿ ಅವರು ನಕ್ಕು, "ಅಯ್ಯೋ, ನನಗೂ ಕಾಲುನೋವು ಕಣಮ್ಮ, ಒಳ್ಳೆಯದೇ ಆಯ್ತು" ಅಂದರು. ತಮ್ಮ ಚಾಕುವನ್ನು ತೊಳೆದು, ಒರೆಸಿ, ಕಪಾಟಿನ ಮೇಲಿನ ಅಂತಸ್ತಿನಲ್ಲಿಟ್ಟರು. ಮರುದಿನ ಮತ್ತೆ ಕಿಟಕಿಯ ಪಕ್ಕ ಕೂತರು. ಯಾರ ಕಾಲರಿನ ಬಗ್ಗೆಯೂ ಮಾತಾಡಲಿಲ್ಲ.

ಗಂಡ ಅಡುಗೆ ಕಲಿತ. ಅಪ್ಪನನ್ನೇ ಕೇಳಿಕೊಂಡು, ಅವರು ಕೂತಲ್ಲಿಂದಲೇ ಹೇಳಿದಂತೆ, ಅದೇ ಅಂಗಡಿಯ ಕೋಳಿ ತಂದು ಬೇಯಿಸಿದ. ಬಾಣಲೆಗೆ ಹಾಕಿದರೆ ಮಾಂಸದಿಂದ ನೀರು ಒಸರಿ ಬಿಳಿ ನೊರೆ ಏಳುತ್ತಿತ್ತಂತೆ, ಮುಷ್ಟಿ ಗಾತ್ರದ್ದು ನಿಂಬೆಗಾತ್ರಕ್ಕೆ ಇಳಿಯುತ್ತಿತ್ತಂತೆ. ಕೋಳಿಯೆಂದರೆ ಹೀಗೇ ಇರಬೇಕೆಂದು ಅವನು ತಿಳಿದ. ಪಾಪ, ಅವನಿಗೆ ಹೋಲಿಸಿ ನೋಡಲು ಬೇರೆ ಕೋಳಿ ಯಾವುದಿತ್ತು?

ಆಮೇಲೆ ಬಂತು ಆ ಮಂಗಳವಾರ. ಕಾರಿನಲ್ಲಿ ನನ್ನ ಪಕ್ಕ ಸ್ಟೇರಿಂಗ್ ಹಿಡಿದಿದ್ದವರು ಒಬ್ಬ ಗ್ರಂಥಪಾಲಕಿ. ಕಲಿಯಲು ಬಂದು ತಿಂಗಳುಗಳಾಗಿದ್ದರೂ ದೊಡ್ಡ ವೃತ್ತ ಕಂಡರೆ ಕಣ್ಣು ಮುಚ್ಚಿಕೊಳ್ಳುವಷ್ಟು ಪುಕ್ಕಲು. ವೃತ್ತಕ್ಕೆ ಸ್ವಲ್ಪ ಮೊದಲು ನನ್ನ ಹೊಟ್ಟೆಯೊಳಗೆ ಯಾರೋ ಒದ್ದೆ ಬಟ್ಟೆ ಹಿಂಡಿದ ಹಾಗಾಯಿತು. ಕಣ್ಣು ಕತ್ತಲಿಟ್ಟಿತು. "ಗಾಡಿ ಪಕ್ಕಕ್ಕೆ ಹಾಕಿ" ಎಂದೆನಂತೆ. ಅವರು ನನ್ನ ಮುಖ ನೋಡಿ, "ಪಕ್ಕಕ್ಕೆ ಹಾಕಿ ಏನು ಮಾಡೋಣ? ಆಸ್ಪತ್ರೆ ಯಾವ ಕಡೆ ಹೇಳಿ ಮೊದಲು!" ಎಂದು ಗದರಿದರು. ವೃತ್ತ ಸುತ್ತಿದರು, ಲಾರಿಯೊಂದನ್ನು ಹಿಂದೆ ಹಾಕಿದರು, ಗೇರು ಒಂದು ಸಲವೂ ಕಿರುಗುಟ್ಟಲಿಲ್ಲ. ದಾರಿಯುದ್ದಕ್ಕೂ "ಭಯ ಪಡಬೇಡಿ ಮೇಡಂ, ಭಯ ಪಡಬೇಡಿ" ಎನ್ನುತ್ತಿದ್ದರು. ಯಾರಿಗೆ ಹೇಳಿಕೊಳ್ಳುತ್ತಿದ್ದರೋ ತಿಳಿಯದು. ನನ್ನ ವೃತ್ತಿಜೀವನದಲ್ಲಿ ಅಷ್ಟು ಚೆನ್ನಾಗಿ ಕಾರು ಓಡಿಸಿದ ಶಿಷ್ಯೆಯನ್ನು ನಾನು ಕಂಡಿಲ್ಲ. ದುರದೃಷ್ಟವೆಂದರೆ ಅದರಲ್ಲಿ ಅರ್ಧದಷ್ಟು ನಾನು ನೋಡಲೂ ಇಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ ಮೊದಲ ಪ್ರಶ್ನೆ: "ಕೋಳಿ ಎಲ್ಲಿಂದ ತರ್ತೀರಿ?" ಕೆಟ್ಟ ಮಾಂಸದಿಂದಲೇ ಬರುವ ಸೋಂಕು ಎಂದರು. ಗಂಡನ ತಲೆಗೆ ಆಗ ಹೊಕ್ಕಿತು. ಅಡುಗೆಯ ಕೈ ಬದಲಾಗಿದ್ದರೂ ಕಾಯಿಲೆ ಬದಲಾಗಿರಲಿಲ್ಲ. ಬದಲಾಗದೆ ಉಳಿದಿದ್ದು ಅಂಗಡಿಯೊಂದೇ.

ಎದ್ದು ಓಡಾಡುವಂತಾದ ಮೇಲೆ ನಾನೇ ಆ ಅಂಗಡಿಗೆ ಹೋದೆ. ತಂಪುಪೆಟ್ಟಿಗೆಯೊಳಗೆ, ಪ್ಯಾಕೆಟ್ಟುಗಳ ನಡುವೆ ಕೈ ಇಟ್ಟೆ. ನಮ್ಮ ಮನೆಯ ಹಜಾರ ಅದಕ್ಕಿಂತ ತಣ್ಣಗಿದೆ. ಒಂದು ಪ್ಯಾಕೆಟ್ಟು ಬಲೂನಿನಂತೆ ಉಬ್ಬಿತ್ತು. ಮ್ಯಾನೇಜರನ್ನು ಕರೆದು ತೋರಿಸಿದೆ.

"ಅದು ಗಾಳಿ ಮೇಡಂ, ಹಾನಿಯಿಲ್ಲ."

"ಪೆಟ್ಟಿಗೆ ಬೆಚ್ಚಗಿದೆಯಲ್ಲಪ್ಪ?"

"ಜನ ಬಂದು ಹೋಗಿ ಮಾಡ್ತಾರಲ್ಲ, ಅದಕ್ಕೆ."

ಅಂಗಡಿಗೆ ಜನ ಬರುವುದೇ ಮಾಂಸ ಕೆಡಲು ಕಾರಣವೆಂದು ನನಗೆ ಅಂದು ತಿಳಿಯಿತು.

ಅಲ್ಲಿಂದ ತಮ್ಮ ಕಚೇರಿಗೆ ಬಂದೆ. ಕಿಟಕಿಯಾಚೆ ಕೂತಿದ್ದ ತಮ್ಮ ಗುಮಾಸ್ತರು ನನ್ನ ದೂರನ್ನು ಪೂರ್ತಿ ಕೇಳಿದರು, ಸುಳ್ಳು ಹೇಳಬಾರದು. ಕೇಳಿದ ಮೇಲೆ, "ತಿಂದ ಮಾಂಸದ ಮಾದರಿ ತಂದಿದ್ದೀರಾ?" ಎಂದರು.

"ತಿಂದಿದ್ದೀನಲ್ಲ ಸ್ವಾಮಿ."

"ಮಾದರಿ ಇಲ್ದೆ ನಾವು ಏನು ಅಂತ ಪರೀಕ್ಷೆ ಮಾಡೋದು ಹೇಳಿ?"

ಮುಂದಿನ ಸಲ ಕಾಯಿಲೆ ಬೀಳುವ ಮುನ್ನ ಒಂದು ತುಂಡು ತಮ್ಮ ಇಲಾಖೆಗೆಂದು ಎತ್ತಿಡುತ್ತೇನೆ ಎಂದು ಮಾತು ಕೊಟ್ಟು ಬಂದೆ. ಆದರೂ ಪರಿಶೀಲನೆಗೆ ಆದೇಶವಾಯಿತು. ಯಾವಾಗ ಬರುತ್ತೀರೆಂಬುದನ್ನು ಅಂಗಡಿಯವರಿಗೆ ಮೊದಲೇ ತಿಳಿಸಲಾಗಿತ್ತು. ನಿಯಮವಂತೆ. ಆ ದಿನ ನಾನೂ ಹೋಗಿ ದೂರದಲ್ಲಿ ನಿಂತಿದ್ದೆ. ನೆಲ ಮುಖ ಕಾಣುವಷ್ಟು ಹೊಳೆಯುತ್ತಿತ್ತು. ಪೆಟ್ಟಿಗೆಯಿಂದ ಹೊಗೆಯಂತೆ ಹಿಮ ಏಳುತ್ತಿತ್ತು, ಮಾಂಸದ ಮೇಲೆ ಮಂಜಿನ ಹರಳು. ತಮ್ಮ ಪರಿವೀಕ್ಷಕರು ಚಳಿಗೆ ಕೈ ಉಜ್ಜಿಕೊಂಡರು. ಮೂರು ದಿನ ಬಿಟ್ಟು ಹೋಗಿ ನೋಡಿದೆ, ಪೆಟ್ಟಿಗೆ ಮತ್ತೆ ನಮ್ಮ ಹಜಾರಕ್ಕಿಂತ ಬೆಚ್ಚಗೆ. ಹೇಳಿಕಳಿಸಿ ಬರುವವರಿಗೆ ನೆಂಟರು ಎನ್ನುತ್ತಾರೆ, ಮಾನ್ಯರೇ. ನೆಂಟರಿಗೆ ಯಾರಾದರೂ ಹಳಸಿದ್ದು ಬಡಿಸುತ್ತಾರೆಯೇ? ಕಾರು ಕಲಿಸುವವಳಾಗಿ ಒಂದು ಮಾತು ಹೇಳುತ್ತೇನೆ: ಪರೀಕ್ಷಕರು ಪಕ್ಕದಲ್ಲಿ ಕೂತಾಗ ಎಲ್ಲರೂ ಸೀಟ್ ಬೆಲ್ಟ್ ಹಾಕುತ್ತಾರೆ.

ತಮ್ಮ ಉತ್ತರ ಬಂದಾಗ ನಾನು ಮಲಗಿದ್ದೆ. ಬಾಗಿಲು ತೆಗೆದು ಲಕೋಟೆ ಪಡೆದವರು ಮಾವನವರು. ಇಲಾಖೆಯ ಮೊಹರು ನೋಡಿ, ಕನ್ನಡಕ ಹುಡುಕಿ, ನನ್ನ ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಗಟ್ಟಿಯಾಗಿ ಓದಿದರು. 'ಮಾಂಸದ ಗುಣಮಟ್ಟವೂ ಶೇಖರಣೆಯೂ ತೃಪ್ತಿಕರವಾಗಿರುತ್ತವೆ. ಮನೆಯಲ್ಲಿ ಅಡುಗೆ ಮಾಡುವವರ ಅಜಾಗ್ರತೆಯಿಂದಲೂ ಇಂಥ ತೊಂದರೆಗಳು ಉಂಟಾಗಬಹುದು. ಸೂಕ್ಷ್ಮ ಜೀರ್ಣಾಂಗವುಳ್ಳ ಗ್ರಾಹಕರು ಸ್ವಂತ ಹೊಣೆಯ ಮೇಲೆ ಸೇವಿಸತಕ್ಕದ್ದು.'

ಎರಡನೆಯ ವಾಕ್ಯವನ್ನು ಅವರು ಇನ್ನೊಮ್ಮೆ ಓದಿದರು, ಈ ಸಲ ಸಣ್ಣ ದನಿಯಲ್ಲಿ. ಕಾಗದ ಮಡಚಿದರು.

"ಸರ್ಕಾರವೇ ಹೇಳಿದೆಯಲ್ಲಮ್ಮ, ಮಾಂಸ ಸರಿಯಿತ್ತು ಅಂತ. ಇನ್ನು ಉಳಿದಿದ್ದು ನನ್ನ ಕೈ ತಾನೇ?"

"ಮಾವ, ನಿಮ್ಮ ಮಗ ಮಾಡಿದಾಗಲೂ ಆಯ್ತಲ್ಲ!"

"ಅವನಿಗೆ ಹೇಳಿಕೊಟ್ಟವನೂ ನಾನೇ ಅಲ್ವಾ."

ಆಮೇಲಿನ ವಾರ ನಾದಿನಿ ತನ್ನೂರಿನ ಕಸಾಯಿಯವನ ಹತ್ತಿರ ಆಗಷ್ಟೇ ಕಡಿಸಿದ ಕೋಳಿಯನ್ನು ಮಂಜುಗಡ್ಡೆಯಲ್ಲಿಟ್ಟು ತಂದಳು, ತಾನೇ ಬೇಯಿಸಿದಳು. ನಾನು ತಿಂದೆ, ನಿದ್ದೆ ಮಾಡಿದೆ, ಬೆಳಿಗ್ಗೆ ಎದ್ದು ಪಾಠಕ್ಕೆ ಹೋದೆ. ಹೊಟ್ಟೆ ತುಟಿಪಿಟಕ್ಕೆನ್ನಲಿಲ್ಲ. ಇದಕ್ಕಿಂತ ದೊಡ್ಡ ಪುರಾವೆ ಬೇಕೇ ಎಂದು ನಾನೂ ಗಂಡನೂ ಹಿಗ್ಗಿದೆವು. ನಾದಿನಿಗೂ ವಿಷಯ ಅರ್ಥವಾಯಿತು. "ನಾನು ಆವತ್ತು ಬಾಯಿಗೆ ಬಂದದ್ದು ಅಂದುಬಿಟ್ಟೆ, ಅಪ್ಪ" ಎಂದು ಅವರ ಮಂಡಿ ಹಿಡಿದು ಅತ್ತಳು. ಮಾವನವರು ಅವಳ ತಲೆ ಸವರಿ, "ನೋಡು, ನೀನು ಮಾಡಿದ್ದು ಅವಳಿಗೆ ಒಗ್ಗಿತು. ನಿನ್ನ ಕೈ ನಿಮ್ಮಮ್ಮನ ಕೈ" ಎಂದರು. ತಪ್ಪು ತನ್ನ ಕೈಯದೇ ಎಂಬ ಅವರ ಲೆಕ್ಕ ಇನ್ನಷ್ಟು ಗಟ್ಟಿಯಾಯಿತು. ಈಗ ಒಂದು ಕ್ಯಾರೆಟ್ಟು ಹೆರೆದುಕೊಡಿ ಎಂದರೂ ಕೈಗಳನ್ನು ಹಿಂದೆ ಕಟ್ಟಿಕೊಳ್ಳುತ್ತಾರೆ. ನನ್ನ ತಟ್ಟೆ ಬಂದರೆ ಎದ್ದು ಹೊರಗೆ ಹೋಗುತ್ತಾರೆ.

ಮಾನ್ಯರೇ, ನನ್ನ ಕರುಳು ಸೂಕ್ಷ್ಮವೆಂದು ನನಗೆ ತಾವು ಹೇಳಿಕೊಡಬೇಕಾಗಿಲ್ಲ, ಅದು ದಿನವೂ ಹೇಳುತ್ತದೆ. ನನ್ನ ಹೊಣೆ ನಾನು ಹೊರುತ್ತಿದ್ದೇನೆ. ಅಳೆದು ತಿನ್ನುತ್ತೇನೆ, ಅಗಿದು ತಿನ್ನುತ್ತೇನೆ, ಔತಣದ ಮನೆಗಳಲ್ಲಿ ಖಾಲಿ ತಟ್ಟೆ ಹಿಡಿದು ನಗುತ್ತೇನೆ. ಪೆಟ್ಟಿಗೆಯನ್ನು ತಂಪಾಗಿಡುವ ಹೊಣೆಯೂ ನನ್ನದೇ ಆದರೆ, ಆ ಅಂಗಡಿಯ ಹೊಣೆ ಏನು? ತಮ್ಮದು ಏನು? ಗಟ್ಟಿ ಹೊಟ್ಟೆಯವರು ಅದೇ ಕೋಳಿ ತಿಂದು, ಒಂದು ದಿನ ನರಳಿ, ನಿನ್ನೆ ಏನೋ ಹೆಚ್ಚು ತಿಂದೆ ಎಂದು ತಮ್ಮನ್ನು ತಾವೇ ಬೈದುಕೊಂಡು ಸುಮ್ಮನಾಗುತ್ತಿದ್ದಾರೆ. ನನ್ನ ಹೊಟ್ಟೆಗೆ ಸುಮ್ಮನಿರಲು ಬರುವುದಿಲ್ಲ, ಅಷ್ಟೇ ವ್ಯತ್ಯಾಸ. ಮತ್ತು ತಾವು ಬರೆದ ಒಂದು ಸಾಲು, ಯಾವ ಫೈಲಿನಿಂದ ಯಾವ ಫೈಲಿಗೆ ಹಾರಿ ಬಂದ ಸಾಲೋ ಏನೋ, ಒಬ್ಬ ಮುದುಕರ ಕೈಗಳನ್ನು ಅಪರಾಧಿ ಮಾಡಿತು. ನಾವು ಎಷ್ಟು ಹೇಳಿದರೂ ಅವರು ನಂಬುವುದಿಲ್ಲ. ಮನೆಯವರು ಸಮಾಧಾನಕ್ಕೆ ಹೇಳುತ್ತಾರೆ ಎನ್ನುತ್ತಾರೆ. ಸರ್ಕಾರದ ಮಾತನ್ನು ನಂಬುತ್ತಾರೆ. ಅವರ ಕಾಲದವರು ಹಾಗೆ.

ಆದ್ದರಿಂದ ನನ್ನ ಬೇಡಿಕೆ. ನನಗೆ ಪರಿಹಾರ ಬೇಡ. ತಾವು ಖುದ್ದಾಗಿ, ಯಾರಿಗೂ ತಿಳಿಸದೆ, ಸಾಮಾನ್ಯ ಗಿರಾಕಿಯ ಹಾಗೆ ಚೀಲ ಹಿಡಿದು ಆ ಅಂಗಡಿಗೆ ಹೋಗಿ. ಆ ಗುಲಾಬಿ ದೀಪದ ಕೆಳಗೆ, ಪ್ಯಾಕೆಟ್ಟುಗಳ ನಡುವೆ ತಮ್ಮ ಕೈ ಇಡಿ. ಕೈಗೆ ತಿಳಿದದ್ದನ್ನು ಬರೆಯಿರಿ, ಅಂಗಡಿಯ ಬಾಗಿಲಿಗೆ ಅಂಟಿಸಿ, ಪೆಟ್ಟಿಗೆ ಸರಿಯಾಗುವ ತನಕ ಅಲ್ಲಿ ಮಾಂಸದ ಮಾರಾಟ ನಿಲ್ಲಿಸಿ. ಅಲ್ಲಿಂದ ನೇರ ನಮ್ಮ ಮನೆಗೆ ಬಂದು, "ತಪ್ಪು ನಿಮ್ಮ ಕೈಯದಲ್ಲ" ಎಂದು ಮಾವನವರಿಗೆ ತಮ್ಮ ಬಾಯಿಂದ ಹೇಳಿ. ಅಂಗಡಿಗೆ ಹೇಳದೆ ಹೋಗಿ, ಆದರೆ ನಮ್ಮ ಮನೆಗೆ ಮಾತ್ರ ದಯವಿಟ್ಟು ಹೇಳಿ ಬನ್ನಿ. ಸರ್ಕಾರದವರು ಬರುತ್ತಾರೆಂದರೆ ಮಾವನವರು ಅಂಗಿ ಇಸ್ತ್ರಿ ಮಾಡಿಕೊಳ್ಳಬೇಕು.

ಇಂತಿ,
ತಮ್ಮ ಮೇಲೆ ಮಾವನವರಿಗಿರುವಷ್ಟು ನಂಬಿಕೆ ತನಗೂ ಇದ್ದಿದ್ದರೆ ಎಂದು ಹಂಬಲಿಸುವ,
ಒಬ್ಬ ಸೊಸೆ