ನಿಂತಲ್ಲೇ ತಿರುಗುವ ಯಂತ್ರ

ಅಳದಂಗಡಿ
೧೪ ನವೆಂಬರ್ ೨೦೨೪, ಗುರುವಾರ

ಮಗಳೇ ನಿಖಿತಾ,

ನಿನಗೂ ಪ್ರಾಪ್ತಿಗೂ ಈ ಮಾವನ ಪ್ರೀತಿ. ಉಳಿದದ್ದನ್ನು ಓದುವ ಮೊದಲು ಒಂದು ಮಾತು ಕೇಳು. ಭಾನುವಾರ ನೀನು ಆ ಹುಲ್ಲು ಕತ್ತರಿಸುವ ಯಂತ್ರದ ಮೇಲೆ ಕೂರಬಾರದು. ಮಗುವನ್ನು ಮಡಿಲಲ್ಲಿ ಇಟ್ಟುಕೊಂಡಂತೂ ಕೂರಲೇಬಾರದು.

ಇಷ್ಟನ್ನು ಫೋನಿನಲ್ಲಿ ಹೇಳಿದರೆ ಆಗುತ್ತಿರಲಿಲ್ಲವೇ ಎಂದು ನೀನು ಕೇಳಬಹುದು. ಎರಡು ಸಲ ಫೋನ್ ಮಾಡಿದೆನಲ್ಲ, ನೆನಪುಂಟಾ? ನೀನು "ಹೇಳಿ ಮಾವ" ಎಂದದ್ದೇ ತಡ, ನನ್ನ ಗಂಟಲಲ್ಲಿ ಹಳೆಯ ನಾಟಕದ ರಾಜ ಎದ್ದು ನಿಂತ. ಮಳೆಯ ಬಗ್ಗೆ, ಯಾರದೋ ಮದುವೆಯ ಊಟದ ಬಗ್ಗೆ ಹತ್ತು ನಿಮಿಷ ಗುಡುಗಿ ಫೋನ್ ಇಟ್ಟೆ. ಕಾಗದದ ಮೇಲೆ ಗುಡುಗಲು ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನಾಳೆ ಬೆಳಗಿನ ಬಸ್ಸಿನಲ್ಲಿ ಪಕ್ಕದ ಮನೆಯ ಲೋಕಯ್ಯ ಮೂಡುಬಿದಿರೆಗೆ ಹೋಗುವವನಿದ್ದಾನೆ. ನಿಮ್ಮ ತೋಡಾರಿಗೂ ಬಂದು ಇದನ್ನು ನಿನ್ನ ಕೈಗೇ ಕೊಡಲು ಹೇಳಿದ್ದೇನೆ.

ಜಿತೇಶನ ವರ್ಷದ ಕಾರ್ಯ ಮುಗಿಯಿತು, ಇನ್ನು ಯಂತ್ರದ ಟಾರ್ಪಾಲು ತೆಗೆಯುವ ಮಾವ ಎಂದು ನೀನು ಬರೆದಿದ್ದೆ. ಡಿಸೆಂಬರಿನಲ್ಲಿ ಮನೆಯ ಲಾನಿನಲ್ಲಿ ಬಾಡಿಗೆಗೆ ಎರಡು ಮದುವೆ ಉಂಟು, ಹುಲ್ಲು ಮೊಣಕಾಲಿಗೆ ಬಂದಿದೆ, ಗಂಡ ಓಡಿಸುತ್ತಿದ್ದ ಯಂತ್ರವನ್ನು ಭಾನುವಾರ ಪ್ರಾಪ್ತಿಯನ್ನು ಮಡಿಲಲ್ಲಿ ಕೂರಿಸಿಕೊಂಡು ನಾನೇ ಓಡಿಸುತ್ತೇನೆ ಎಂದಿದ್ದೆ. ಇದು ನನಗೆ ದೊಡ್ಡದಾಯಿತಾ, ಚಿಕ್ಕದೊಂದು ಕೊಳ್ಳುವುದಾ, ಓಡಿಸುವುದು ಹೇಗೆ ಎಂದೂ ಕೇಳಿದ್ದೆ. ಧೈರ್ಯಸ್ಥೆ ನೀನು. ಕೇಳಿದ್ದಕ್ಕೆ ಒಂದೊಂದಾಗಿ ಉತ್ತರ ಹೇಳುತ್ತೇನೆ.

ಯಂತ್ರ ದೊಡ್ಡದಲ್ಲ. ಅದನ್ನು ಆರಿಸಿದ ದಿನ ನೀನು ಬಂದಿರಲಿಲ್ಲ, ಆದ್ದರಿಂದ ಆ ರಂಗವನ್ನು ಕೇಳಬೇಕು. ಮಂಗಳೂರಿನ ಅಂಗಡಿಗೆ ನಾವು ಮೂವರು ಹೋಗಿದ್ದೆವು. ನಿನ್ನ ಗಂಡ, ಅವನ ಸೋದರಮಾವನೆಂದು ನಾನು, ಮತ್ತು ಬಿ.ಸಿ.ರೋಡಿನಲ್ಲಿ ಇಂಥ ಯಂತ್ರಗಳ ರಿಪೇರಿ ಮಾಡುವ ನಿಝಾರ್. ಅಂಗಡಿಯ ಬಾಗಿಲು ದಾಟಿದ್ದೇ ಜಿತೇಶ ಹೋಗಿ ಹತ್ತಿದ್ದು ಅರವತ್ತು ಇಂಚು ಅಗಲದ್ದಕ್ಕೆ. ಸಿಂಹಾಸನವೇ ಅದು! ನಾನು ಕೆಲಸಕ್ಕಿದ್ದ ಶಾರ್ಜಾದ ಹೋಟೆಲಿನ ಲಾನಿನಲ್ಲಿ ಇದೇ ಇತ್ತು ಮಾವ ಎಂದು ಎರಡೂ ಲಿವರ್ ಹಿಡಿದು ಕೂತ. ನಾನು "ಭಲೇ" ಎಂದೆ. ನಾನು ಯಾವಾಗಲೂ ಭಲೇ ಎನ್ನುವವನೇ ಅಲ್ಲವೇ? ನಿಝಾರ್ ಮಾತ್ರ ಪ್ಯಾಂಟಿನ ಜೇಬಿನಿಂದ ಒಂದು ಚೀಟಿ ತೆಗೆದ. ಅದರಲ್ಲಿ ನಿಮ್ಮ ಗೇಟಿನ ಕಂಬಗಳ ನಡುವಿನ ಅಳತೆ, ಇಳಿಜಾರಿನ ಅಳತೆ, ಎಷ್ಟು ತೆಂಗಿನ ಮರ, ಎಲ್ಲವೂ ಇತ್ತು. "ಜಿತೇಶಣ್ಣ, ಅದು ಮೈದಾನಕ್ಕೆ ಆಗ್ತದೆ. ನಿಮ್ಮದು ಕೆಂಪು ಮುರಕಲ್ಲಿನ ಗುಡ್ಡೆ. ಅಗಲದ್ದು ಉಬ್ಬು ಕಂಡಲ್ಲೆಲ್ಲ ಮಣ್ಣು ಕೆರೀತದೆ. ನಲ್ವತ್ತೆರಡು ಇಂಚು ಸಾಕು" ಎಂದ. ಅಷ್ಟೇ ಅಲ್ಲ, ಯಂತ್ರ ಮನೆಗೆ ಬಂದ ದಿನ ಹಿತ್ತಲಿನ ಹಳೆಯ ಕಲ್ಲುಕೋರೆಯ ಅಂಚಿನಿಂದ ಹದಿನೈದು ಅಡಿ ಬಿಟ್ಟು ಸುಣ್ಣದ ಗೆರೆ ಎಳೆದು, ಇದರಾಚೆ ಯಂತ್ರ ಬೇಡ, ಹೆಗಲಿಗೆ ಹಾಕುವ ಹುಲ್ಲು ಹೆರೆಯುವ ಮೆಷಿನ್ ಸಾಕು ಎಂದು ಹೇಳಿ ಹೋದ. ನಿನ್ನ ಜಾಗಕ್ಕೆ ಸರಿಯಾದ ಯಂತ್ರವನ್ನೇ ಅವನು ಆರಿಸಿ ಕೊಟ್ಟಿದ್ದಾನೆ. ಬೇರೆ ಬೇಡ.

ಓಡಿಸುವುದು ಹೇಗೆ? ಅದಕ್ಕೆ ಸ್ಟೇರಿಂಗ್ ಇಲ್ಲ, ಕಾಲಿಗೆ ಬ್ರೇಕ್ ಇಲ್ಲ. ಎಲ್ಲವೂ ಎರಡು ಲಿವರಿನಲ್ಲಿ. ಮೊದಲು ಕೂತು ಬೆಲ್ಟ್ ಹಾಕಬೇಕು. ಯಂತ್ರ ಮಗುಚಿದರೆ ಕಾಯುವ ಬೆನ್ನ ಹಿಂದಿನ ಕಬ್ಬಿಣದ ಕಮಾನು ಎತ್ತಿ ನಿಂತಿರಬೇಕು. ಲಿವರ್‌ಗಳನ್ನು ಹೊರಗೆ ಅಗಲಿಸಿ ಕೀ ತಿರುಗಿಸಬೇಕು, ಅಗಲಿಸದಿದ್ದರೆ ಇಂಜಿನ್ ಏಳುವುದೇ ಇಲ್ಲ. ಆಮೇಲೆ ಒಳಗೆ ತಂದು ಎರಡನ್ನೂ ಮೆಲ್ಲಗೆ ಮುಂದೆ ದೂಡಿದರೆ ಮುಂದೆ, ಎಳೆದರೆ ಹಿಂದೆ. ಒಂದನ್ನು ದೂಡಿ ಇನ್ನೊಂದನ್ನು ಎಳೆದೆಯೋ, ವೇಷಧಾರಿ ಗಿರಕಿ ಹೊಡೆದ ಹಾಗೆ ನಿಂತಲ್ಲೇ ತಿರುಗುತ್ತದೆ. ಮುಂದಿನ ಚಕ್ರಗಳನ್ನು ನಂಬಬೇಡ. ಅವು ಆಸ್ಪತ್ರೆಯ ಸ್ಟ್ರೆಚರಿನ ಚಕ್ರಗಳಂತೆ ಸುಮ್ಮನೆ ಹಿಂಬಾಲಿಸುವವು. ಇಳಿಜಾರಿನಲ್ಲಿ ಅವು ಇಳಿಜಾರಿನ ಮಾತನ್ನೇ ಕೇಳುತ್ತವೆ. ಹುಲ್ಲು ಒದ್ದೆ ಇದ್ದರೆ ಹತ್ತಲೇಬೇಡ. ಇಳಿಯುವಾಗ ಬ್ಲೇಡು ನಿಲ್ಲಿಸಿ, ಲಿವರ್‌ಗಳನ್ನು ಹೊರಗೆ ಅಗಲಿಸಿದ ಮೇಲೆಯೇ ಏಳಬೇಕು. ಹಾಗೆ ಮಾಡದೆ ಎದ್ದರೆ ಸೀಟಿನ ಅಡಿಯ ಒಂದು ಸ್ವಿಚ್ಚು ಇಂಜಿನನ್ನು ಆ ಕ್ಷಣವೇ ಕೊಂದು ಹಾಕುತ್ತದೆ.

ನಿನ್ನ ಯಂತ್ರದಲ್ಲಿ ಕೊಲ್ಲುವುದಿಲ್ಲ. ಒಂದು ವರ್ಷದಿಂದ ನಾನು ಬಂದು ಬಂದು ನಿಲ್ಲುವುದು ಇಲ್ಲೇ.

ನಿಮ್ಮ ಲಾನಿನ ಸುತ್ತ ಇಪ್ಪತ್ತೆರಡು ತೆಂಗಿನ ಮರ. ಎರಡು ಸಾಲು ಕತ್ತರಿಸುವುದರೊಳಗೆ ಎಲ್ಲಾದರೂ ಗರಿ ಸಮೇತ ಒಂದು ಒಣಮಡಲು ಬಿದ್ದಿರುತ್ತದೆ. ಅದನ್ನು ಎಳೆದು ಹಾಕಲು ಎದ್ದರೆ ಇಂಜಿನ್ ಕೆಮ್ಮಿ ಸಾಯುತ್ತದೆ. ಮತ್ತೆ ಕೂರು, ಅಗಲಿಸು, ಕೀ ತಿರುಗಿಸು. ಒಂದು ಬೆಳಿಗ್ಗೆ ಹದಿನಾಲ್ಕು ಸಲ ಹಾಗಾಯಿತು. ಜಿತೇಶ ಬೆವರು ಒರೆಸಿಕೊಂಡು, ಈ ಮೆಷಿನಿಗೆ ನನ್ನ ಅಮ್ಮನಿಗಿಂತ ಜಾಸ್ತಿ ಹೆದರಿಕೆ ಮಾವ, ಎದ್ದರೆ ಸಾಕು ಬೊಬ್ಬೆ ಎಂದು ನಗಾಡಿದ. ನಾನು ವೀರಾವೇಶದಿಂದ ಎದ್ದೆ. ಮೂವತ್ತು ವರ್ಷ ನಾಟಕದ ಸ್ಟೇಜಿನಲ್ಲಿ ಇದ್ದವನು ನಾನು. ಮೈಕ್ ಸತ್ತಾಗ, ದೀಪ ಆರಿದಾಗ, ಮುಖಕ್ಕೆ ಬಣ್ಣ ಹಚ್ಚಿಕೊಂಡೇ ವಯರು ಜೋಡಿಸಿದವನು. ಸೀಟು ಎತ್ತಿದೆ. ಸ್ವಿಚ್ಚಿನಿಂದ ಬರುವ ಎರಡು ವಯರುಗಳನ್ನು ಕೊಯ್ದು ಒಂದಕ್ಕೊಂದು ತಿರುಚಿದೆ. ಕಪ್ಪು ಟೇಪು ಸುತ್ತಿದೆ. ಎರಡೇ ನಿಮಿಷ. ಈಗ ಏಳು ಎಂದೆ. ಅವನು ಎದ್ದ. ಇಂಜಿನ್ ಓಡುತ್ತಲೇ ಇತ್ತು. ಅವನು ಸೀಟಿನ ಮುಂದೆ ನಿಂತು ಚಪ್ಪಾಳೆ ತಟ್ಟಿದ, ನಾನು ಸಭೆಗೆ ವಂದಿಸಿದ ಹಾಗೆ ಬಗ್ಗಿದೆ.

ಹೌದು ಮಗಳೇ. ಅದನ್ನು ಮಾಡಿದ್ದು ನಿಝಾರ್ ಅಲ್ಲ. ನಾನು.

ಅದಾಗಿ ಒಂಬತ್ತು ದಿನಕ್ಕೆ ಆ ಸೋಮವಾರ. ನೀನು ಪ್ರಾಪ್ತಿಯನ್ನು ಶಾಲೆಗೆ ಬಿಡಲು ಹೋಗಿದ್ದೆ. ನಾನು ನಿಮ್ಮ ಜಗಲಿಯಲ್ಲಿ ಚಹಾ ಕುಡಿಯುತ್ತ ಕೂತಿದ್ದೆ. ಹಿತ್ತಲಿನಿಂದ ಇಂಜಿನಿನ ಸದ್ದು ಬರುತ್ತಿತ್ತು. ನಿಲ್ಲದ ಸದ್ದು, ಏರಿಳಿತ ಇಲ್ಲದ ಸದ್ದು. ಇಷ್ಟು ಹೊತ್ತಿನಲ್ಲಿ ಒಮ್ಮೆಯೂ ಸಾಯಲಿಲ್ಲ ನೋಡು ಎಂದು ನನಗೆ ಹೆಮ್ಮೆಯಾಯಿತು. ಆ ಹೆಮ್ಮೆಯಲ್ಲೇ ಇನ್ನೊಂದು ಲೋಟ ಚಹಾ ಹಾಕಿಕೊಂಡೆ. ಎದ್ದರೂ ಇಂಜಿನ್ ಸಾಯುವುದಿಲ್ಲ ಎಂದಾದ ಮೇಲೆ ಜಿತೇಶನಿಗೆ ಲಿವರ್ ಅಗಲಿಸುವ ಅಭ್ಯಾಸವೇ ತಪ್ಪಿ ಹೋಗಿತ್ತು. ಕೋರೆಯ ಅಂಚಿನಲ್ಲಿ ಬಿದ್ದ ಮಡಲು ಎಳೆಯಲು ಇಳಿದಿದ್ದಾನೆ. ಕಿವಿಗೆ ಸದ್ದು ತಡೆಯುವ ಮುಚ್ಚಳ ಬೇರೆ. ಒಂದು ಲಿವರ್ ನಿಲ್ಲುವ ಜಾಗಕ್ಕೆ ಪೂರ್ತಿ ಬಂದಿರಲಿಲ್ಲ. ಯಂತ್ರ ಮೆಲ್ಲಗೆ ಸುತ್ತು ಹಾಕುತ್ತ ಗೆರೆ ದಾಟಿ ಬಂದು, ಬಗ್ಗಿದವನ ಮೊಣಕಾಲ ಹಿಂದೆ ದೂಡಿ ಕೋರೆಗೆ ಕೆಡವಿತು. ಯಾರೂ ನೋಡಿಲ್ಲ. ಹುಲ್ಲಿನ ಮೇಲಿನ ಗುರುತು ಅಷ್ಟನ್ನು ಹೇಳಿತು.

ನಾನು ಹೋಗಿ ನೋಡುವಾಗ ಕಂಡದ್ದನ್ನು ಯಾವ ರಂಗದಲ್ಲೂ ಕಂಡಿಲ್ಲ. ಬೆಳಗ್ಗಿನ ಹತ್ತು ಗಂಟೆ, ಸುಡುವ ಬಿಸಿಲು. ಮನುಷ್ಯರಿಲ್ಲದ ಲಾನಿನಲ್ಲಿ ಆ ಯಂತ್ರ ಒಂದೇ ವೃತ್ತದಲ್ಲಿ ತಿರುಗುತ್ತಿತ್ತು. ಸೀಟು ಖಾಲಿ. ಹುಲ್ಲು ಮುಗಿದು, ಮಣ್ಣು ಮುಗಿದು, ಬ್ಲೇಡು ಮುರಕಲ್ಲನ್ನು ಕೆರೆದು ಕೆಂಪು ಧೂಳು ಏಳುತ್ತಿತ್ತು. ಅಷ್ಟು ಅವಸರವಿಲ್ಲದೆ, ಅಷ್ಟು ಶಿಸ್ತಿನಿಂದ ತಿರುಗುತ್ತಿತ್ತು, ಯಾರೋ ಕೂತು ಓಡಿಸುತ್ತಿದ್ದಾರೆ ಎಂದೇ ಅನ್ನಿಸಬೇಕು. ಆಮೇಲೆ, ಆ ಸುತ್ತಿನಲ್ಲಿ ಮೂರು ಸಲ ಹುಲ್ಲು ನೆಟ್ಟರೂ ಬರುವುದಿಲ್ಲ ಮಾವ ಎಂದು ನೀನು ಹೇಳಿದಾಗ, ಮುರಕಲ್ಲಲ್ಲವಾ, ಬೇರು ಇಳಿಯುವುದಿಲ್ಲ ಎಂದೆ.

ಆ ದಿನದಿಂದ ಖಾಲಿ ಕುರ್ಚಿ ಕಂಡರೆ ನನಗೆ ತಡೆಯುವುದಿಲ್ಲ. ಮನೆಯಲ್ಲಿ ಎಲ್ಲವನ್ನೂ ಗೋಡೆಗೆ ಮುಖ ಮಾಡಿ ಇಟ್ಟಿದ್ದೇನೆ. ಬಂಟ್ವಾಳದ ಮದುವೆಯೊಂದರಲ್ಲಿ ನನ್ನ ಸಾಲಿನ ಖಾಲಿ ಕುರ್ಚಿಗೆ ಹೋಗಿ ಕೂತೆ, ಆಗ ನಾನು ಬಿಟ್ಟ ಕುರ್ಚಿ ಖಾಲಿ ಆಯಿತು. ಮತ್ತೆ ಅಲ್ಲಿಗೆ ಹೋದೆ. ಹೀಗೆ ನಾಲ್ಕು ಸಲ. ಪಕ್ಕದವರು, "ಎಂಥ ಶೆಟ್ರೇ, ಮ್ಯೂಸಿಕಲ್ ಚೇರಾ?" ಎಂದು ನಕ್ಕರು. ನಾನೂ ದೊಡ್ಡದಾಗಿ ನಕ್ಕೆ. ಬಸ್ಸು ನಿಲ್ದಾಣದಲ್ಲಿ ಇಂಜಿನ್ ಆರಿಸದೆ ನಿಂತರೆ ನಾನು ಇಳಿದು ನಡೆಯುತ್ತೇನೆ.

ಇನ್ನು ನಿಝಾರನ ವಿಷಯ. ಯಂತ್ರ ನೋಡಲು ಬಂದ ಮಂಗಳೂರಿನ ಅಂಗಡಿಯವನು ಸೀಟು ಎತ್ತಿ, ಇದನ್ನು ಯಾರೋ ತಿರುಚಿದ್ದಾರೆ ಎಂದಾಗ ನಿಮ್ಮ ಅಂಗಳದಲ್ಲಿ ಇಪ್ಪತ್ತು ಮೂವತ್ತು ಜನ ಇದ್ದರು. ಹಿಂದಿನ ವಾರ ಬ್ಲೇಡು ಮಸೆದು ಎಣ್ಣೆ ಬದಲಿಸಿ ಹೋದವನು ನಿಝಾರ್. ಎಲ್ಲರ ಕಣ್ಣೂ ಅವನ ಕಡೆ ತಿರುಗಿತು. ನಾನು ಸೀಟಿನ ಅಡಿ ಮುಟ್ಟಲೇ ಇಲ್ಲ ಎಂದು ಅವನು ಹೇಳುತ್ತಿದ್ದ. ಆಗ ನಾನು ಮುಂದೆ ಬಂದೆ. ನಿನಗೆ ನೆನಪಿದೆ, ನೀನು ಕಂಬಕ್ಕೆ ಒರಗಿ ನಿಂತಿದ್ದೆ. ಕೈ ಎತ್ತಿ, ಒಂದು ಹೆಣ್ಣಿನ ಕುಂಕುಮ ಅಳಿಸಿದವನೇ ಎಂದು ಶುರುಮಾಡಿದವನು ಕಾಲು ಗಂಟೆ ನಿಲ್ಲಿಸಲಿಲ್ಲ. ನನ್ನ ಜೀವಮಾನದಲ್ಲಿ ಅಂಥ ಮಾತು ಯಾವ ಸ್ಟೇಜಿನಲ್ಲೂ ನನಗೆ ಬಂದಿರಲಿಲ್ಲ. ಜನ ಅತ್ತರು. ನಿಝಾರ್ ತಲೆ ತಗ್ಗಿಸಿ ಪೂರ್ತಿ ಕೇಳಿ, "ಶೆಟ್ರೇ, ಮುಗೀತಾ? ನಾನು ಹೋಗ್ಬಹುದಾ?" ಎಂದ. ಅಂದಿನಿಂದ ಮೂಡುಬಿದಿರೆ ಕಡೆಯವರು ಯಾರೂ ಅವನನ್ನು ಕೆಲಸಕ್ಕೆ ಕರೆಯುವುದಿಲ್ಲ.

ನಿನ್ನೆ ಬಿ.ಸಿ.ರೋಡಿಗೆ ಹೋಗಿ ಅವನಿಗೆ ಎಲ್ಲವನ್ನೂ ಹೇಳಿದೆ. ಅವನು ಅರ ಹಿಡಿದು ಬ್ಲೇಡು ಮಸೆಯುತ್ತಿದ್ದ, ಕೈ ನಿಲ್ಲಿಸಲಿಲ್ಲ. "ಇದನ್ನು ನನಗೆ ಹೇಳಿ ಎಂಥ ಮಾಡುವುದು? ನಾನು ಮಾಡಿಲ್ಲ ಅಂತ ನನಗೆ ಗೊತ್ತುಂಟು. ಅಂಗಳದಲ್ಲಿ ಹೇಳಿದ್ದನ್ನು ಅಂಗಳದಲ್ಲೇ ಹೇಳಿ" ಎಂದ. ಯಂತ್ರ ಸರಿಮಾಡಲು ಬರುತ್ತೀಯಾ ಎಂದು ಕೇಳಿದೆ. "ನಿಖಿತಕ್ಕ ಕರೆದ್ರೆ ಬರ್ತೇನೆ. ನೀವು ಕರೆದ್ರೆ ಇಲ್ಲ" ಎಂದ.

ಆದ್ದರಿಂದ ನೀನೇ ಅವನನ್ನು ಕರೆಯಬೇಕು. ಆ ಎರಡು ವಯರು ಬಿಡಿಸಿ ಸ್ವಿಚ್ಚು ಹಾಕುವವರೆಗೆ, ಬಿಟ್ಟ ಲಿವರ್ ಸರಿಯಾಗಿ ನಿಲ್ಲುವ ಜಾಗಕ್ಕೆ ಬರುವಂತೆ ಮಾಡುವವರೆಗೆ ಆ ಯಂತ್ರದಲ್ಲಿ ಕೂರುವವರಿಗೆ ಕಾವಲಿಲ್ಲ. ಬೇರೆ ಯಾರನ್ನೋ ಕರೆಸಿದರೂ ವಯರು ಸರಿಯಾಗಬಹುದು, ಆದರೆ ನೀನು ಕರೆಯಬೇಕಾದದ್ದು ಅವನನ್ನೇ. ಶನಿವಾರ ಹತ್ತು ಗಂಟೆಗೆ ನಾನು ನಿಮ್ಮ ಅಂಗಳದಲ್ಲಿ ಇರುತ್ತೇನೆ. ಅಂದು ಇದ್ದವರಲ್ಲಿ ಸಿಕ್ಕವರಿಗೆಲ್ಲ ಬರಲು ಹೇಳಿದ್ದೇನೆ. ಗುಡುಗುವುದಿಲ್ಲ. ಈ ಕಾಗದದಲ್ಲಿ ಇರುವಷ್ಟನ್ನು ಓದುತ್ತೇನೆ. ನೀನು ಬಾಗಿಲು ತೆರೆಯಬೇಕಾಗಿಲ್ಲ, ನೀರು ಕೊಡಬೇಕಾಗಿಲ್ಲ. ಪ್ರಾಪ್ತಿಯನ್ನು ಮಾತ್ರ ಒಳಗೆ ಇಟ್ಟುಕೋ.

ಮಾವ ಎಂದು ನೀನು ಇನ್ನೂ ಕರೆಯುವುದಾದರೆ,
ನಿನ್ನ ಮಾವ
ರಮಾನಾಥ

ತಾ.ಕ.: ಲಕೋಟೆ ಅಂಟಿಸಿದ್ದೆ. ಹರಿದು ಮತ್ತೆ ಕೂತಿದ್ದೇನೆ. ಬಿದ್ದ ಕೂಡಲೇ ಜೀವ ಹೋಗಿತ್ತು, ಅವನಿಗೆ ಏನೂ ತಿಳಿದಿರಲಿಕ್ಕಿಲ್ಲ ಎಂದು ನಿನಗೆ ಹೇಳಿದವನು ನಾನೇ. ಅದು ಸುಳ್ಳು. ಕೀ ತಿರುಗಿಸಿ ಯಂತ್ರ ನಿಲ್ಲಿಸಿದವನು ನಾನು ಕೋರೆಯ ಕಡೆ ಓಡಲಿಲ್ಲ. ಮೊದಲು ಸೀಟು ಎತ್ತಿ ಟೇಪು ಬಿಡಿಸಲು ಹೊರಟೆ. ಟೇಪಿನ ತುದಿ ಉಗುರಿಗೆ ಸಿಗಲಿಲ್ಲ. ಆಗ ಕೆಳಗಿನಿಂದ ಅವನು "ಮಾವ" ಎಂದ. ಸ್ವಲ್ಪ ಬಿಟ್ಟು ಇನ್ನೊಮ್ಮೆ. ಜೋರಾಗಿ ಅಲ್ಲ, ಪಕ್ಕದ ಕೋಣೆಯಿಂದ ಒಂದು ಲೋಟ ನೀರು ಕೇಳುವವರ ಹಾಗೆ. ನಾನು ಟೇಪಿನ ತುದಿ ಹುಡುಕುತ್ತಲೇ ಇದ್ದೆ, ಓಗೊಡಲಿಲ್ಲ. ಮೂರನೆಯ ಸಲ ಕರೆದರೆ ಹೋಗುವ ಎಂದುಕೊಂಡೆ. ಅವನು ಕರೆಯಲಿಲ್ಲ.